ನೋಣಯ್ಯನ ಹನ್ನೆರಡು ಕ್ಯಾಸೆಟ್ಟು

ಬಿ.ಸಿ. ರೋಡಿನಿಂದ ಬಂಟ್ವಾಳ ಪೇಟೆಗೆ ಇಳಿಯುವ ದಾರಿಯಲ್ಲಿ ನೌಫಲನ ಗುಜರಿ ಅಂಗಡಿ. ಕೆಳಗೆ ತುಕ್ಕು ಹಿಡಿದ ಕಬ್ಬಿಣ, ಬಾಗಿಲು ಕಳಚಿದ ಫ್ರಿಜ್ಜು, ಹಳೆ ಪೇಪರಿನ ಕಟ್ಟು. ಮೇಲಿನ ಕೋಣೆಗೆ ಮಾತ್ರ ಯಾವಾಗಲೂ ಬೀಗ. ಅಲ್ಲಿ ನಾನ್ನೂರಕ್ಕೂ ಹೆಚ್ಚು ಎಲ್‌ಪಿ ರೆಕಾರ್ಡುಗಳು ಬೆನ್ನು ನೆಟ್ಟಗೆ ಮಾಡಿ ನಿಂತಿದ್ದವು. ಎಲ್ಲವೂ ಒಬ್ಬೊಬ್ಬರೇ ಕುಳಿತು ಮಾಡಿದವು. ತಮ್ಮ ಬ್ಯಾಂಡು ಬಿಟ್ಟು ಹೊರಬಿದ್ದು ಮನೆಯ ಮೂಲೆಯಲ್ಲಿ ಯಂತ್ರ ಜೋಡಿಸಿಕೊಂಡವರು, ರೇಡಿಯೋ ಸ್ಟೇಷನ್ನಿನ ನೆಲಮಾಳಿಗೆಯಲ್ಲಿ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಿದ ಹೆಂಗಸರು, ಮುನ್ನೂರೇ ಪ್ರತಿ ಒತ್ತಿಸಿ ಅದನ್ನೂ ಮಾರಲಾಗದೆ ಸತ್ತವರು. ವಾದ್ಯವಿಲ್ಲದೆ, ಬರಿಯ ಕರೆಂಟಿನಿಂದ ಸಂಗೀತ ಹುಟ್ಟಿಸಿದ ಮೊದಲಿಗರು ಅವರು. ಮಳೆಗಾಲದಲ್ಲಿ ಕವರಿಗೆ ಬೂಷ್ಟು ಹಿಡಿಯದಂತೆ ನೌಫಲ್ ನಲವತ್ತು ವಾಟಿನ ಬಲ್ಬು ಉರಿಸಿಡುತ್ತಿದ್ದ. ತಟ್ಟೆಗಳನ್ನು ಬ್ಯಾಟರಿಗೆ ಹಾಕುವ ನೀರಿನಿಂದ ಒರೆಸುತ್ತಿದ್ದ. ಜಪಾನಿನವರೂ ಜರ್ಮನಿಯವರೂ ಫೋಟೋ ಕಳಿಸಿ ಎಂದು ಅವನನ್ನು ಪೀಡಿಸುತ್ತಿದ್ದರು.

ಆದರೆ ಅವನಿಗೆ ಬೇಕಾದದ್ದು ಅಲ್ಲಿರಲಿಲ್ಲ.

ಇಪ್ಪತ್ತೆರಡರ ವಯಸ್ಸಿನಲ್ಲಿ ದುಬೈಯ ಹಳೆ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಒಂದು ಮಧ್ಯಾಹ್ನ ಮಾಲಿಕ ಯಾವುದೋ ಎಲ್‌ಪಿ ಹಾಕಿದ. ಹಾಡಿಲ್ಲ, ತಾಳವಿಲ್ಲ, ಒಂದು ಗುಂಗು ಮೇಲೇರಿ, ಸೀಳಿ, ಎರಡಾಗಿ, ಒಂದರ ಹಿಂದೆ ಒಂದು ಓಡತೊಡಗಿತು. ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ನೌಫಲ್ ಹಾಗೇ ಕೆಳಗಿಟ್ಟ. ಈ ಶಬ್ದ ಅವನಿಗೆ ಗೊತ್ತಿತ್ತು. ಬೆಳ್ತಂಗಡಿಯ ಲಾಯಿಲದಲ್ಲಿ, ಅವರ ಬಾಡಿಗೆ ಮನೆಯ ಹಿಂದಿನ ಕಾಲನಿಯಲ್ಲಿ, ಮೈಕ್ ಸೆಟ್ಟಿನ ನೋಣಯ್ಯನ ತಗಡಿನ ಶೆಡ್ಡಿನಿಂದ ಇದೇ ಶಬ್ದ ಬರುತ್ತಿತ್ತು. ಜನ ಅದನ್ನು ಹುಚ್ಚು ಎನ್ನುತ್ತಿದ್ದರು. ಅದಕ್ಕೆ ಬೇರೆ ಹೆಸರೂ ಉಂಟು, ಕವರೂ ಉಂಟು, ಕವರಿನ ಮೇಲೆ ಮಾಡಿದವನ ಫೋಟೋವೂ ಉಂಟು ಎಂದು ಅವನಿಗೆ ಗೊತ್ತಾದದ್ದು ಆವತ್ತು. ಅಂದಿನಿಂದ ಕೊಂಡದ್ದೆಲ್ಲ ಆ ಶೆಡ್ಡಿನ ಶಬ್ದವನ್ನು ಹುಡುಕಿಕೊಂಡೇ.

ನೋಣಯ್ಯನಿಗೆ ಊರಿನ ಎಲ್ಲ ಕಾರ್ಯಕ್ರಮಕ್ಕೂ ಕರೆ ಇತ್ತು, ಯಾವುದರ ಅಂಗಳಕ್ಕೂ ಪ್ರವೇಶವಿರಲಿಲ್ಲ. ಹಗ್ಗದ ಹೊರಗೆ ಆಂಪ್ಲಿಫೈಯರ್ ಇಟ್ಟು ಕೂರಬೇಕು. ಹಾರ್ನನ್ನು ಮೇಲ್ಜಾತಿಯ ಹುಡುಗರು ಒಳಗೆ ಒಯ್ದು ಕಟ್ಟುತ್ತಿದ್ದರು. ಅವನು ಹೊಸೆದ ತಂತಿ ಒಳಗೆ ಹೋಗಬಹುದು, ಹೊಸೆದವ ಹೋಗಬಾರದು. ಹಾಗೆ ಹೊರಗೆ ಕೂತು ಕೂತು ಅವನಿಗೆ ಒಳಗಿನ ಭಾಷಣಕ್ಕಿಂತ ತಂತಿಯ ಗುಂಯ್‌ಗುಟ್ಟುವಿಕೆಯೇ ಆಪ್ತವಾಯಿತು. ಸತ್ತ ರೇಡಿಯೋಗಳ ಹೊಟ್ಟೆ ಬಗೆದು, ತೇಗದ ಪೆಟ್ಟಿಗೆಯೊಂದರಲ್ಲಿ ಹದಿನಾರು ತಿರುಪುಗುಂಡಿ ಕೂರಿಸಿ, ಆ ಗುಂಗನ್ನು ಏರಿಸಿ ಇಳಿಸಿ ಬಗ್ಗಿಸಲು ಕಲಿತ. ಸಾವಿರದೊಂಬೈನೂರ ಎಂಬತ್ತಾರರ ಮಳೆಗಾಲದಲ್ಲಿ ಎರಡು ಟೇಪ್‌ರೆಕಾರ್ಡರ್ ಜೋಡಿಸಿ ಹನ್ನೆರಡು ಕ್ಯಾಸೆಟ್ಟು ಮಾಡಿದ. ಒಂದೊಂದರ ಮೇಲೂ ಕೈಯಾರೆ ನಂಬರು, ಕೆಳಗೆ ‘ನೋಣಯ್ಯ, ಒಬ್ಬನೇ’. ಯಾರೂ ಕೊಳ್ಳಲಿಲ್ಲ. ಹಂಚಿಬಿಟ್ಟ.

ಕ್ಯಾಸೆಟ್ಟಿನ ಬೆನ್ನಿನ ಮೇಲೆ ಒಂದು ಸಣ್ಣ ಹಲ್ಲಿರುತ್ತದೆ. ಅದನ್ನು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಮಾಡಲಾಗದು. ಹನ್ನೆರಡರದ್ದೂ ಹಲ್ಲನ್ನು ನೋಣಯ್ಯ ಮುರಿದೇ ಕೊಟ್ಟಿದ್ದ. ಆದರೆ ಅದು ಮನೆಮನೆಯಲ್ಲಿ ಬೀಡಿ ಕಟ್ಟುತ್ತಿದ್ದ, ಮನೆಗೊಬ್ಬ ಗಲ್ಫಿನಲ್ಲಿದ್ದ ಕಾಲ. ಕಾಗದ ಬರೆಯಲು ಬಾರದ ಹೆಂಗಸರು ಕ್ಯಾಸೆಟ್ಟಿನಲ್ಲಿ ಮಾತಾಡಿ, ರಜೆ ಮುಗಿಸಿ ಹೊರಟವರ ಕೈಯಲ್ಲಿ ಗಂಡಂದಿರಿಗೆ ಕಳಿಸುತ್ತಿದ್ದರು. ಗಂಡ ಅದರ ಮೇಲೆಯೇ ಮಾತಾಡಿ ವಾಪಸು ಕಳಿಸುತ್ತಿದ್ದ. ಖಾಲಿ ಕ್ಯಾಸೆಟ್ಟು ಸಿಗದಿದ್ದರೆ ಇದ್ದದ್ದರ ಮುರಿದ ಹಲ್ಲಿನ ತೂತಿಗೆ ನಾಲ್ಕು ಬೀಡಿ ಲೇಬಲು ಮಡಚಿ ತುರುಕಿದರೆ ಮುಗಿಯಿತು. ಹಾಡೋ ಭಜನೆಯೋ ಆಗಿದ್ದರೆ ಯಾರಾದರೂ ಯೋಚಿಸುತ್ತಿದ್ದರೇನೋ. ನೋಣಯ್ಯನದ್ದು ಬರಿಯ ಗುಂಯ್.

ಊರಿಗೆ ಮರಳಿದ ಮೇಲೆ ನೌಫಲ್ ಇಪ್ಪತ್ತು ವರ್ಷಗಳಲ್ಲಿ ಎಂಟನ್ನು ಹುಡುಕಿ ತಂದ. ಎಲ್ಲದರ ತೂತಿನಲ್ಲೂ ಬೀಡಿ ಲೇಬಲು. ಮೂರು ಮಣ್ಣುಪಾಲಾಗಿದ್ದವು. ಉಳಿದದ್ದು ಹನ್ನೆರಡನೆಯದು, ಅದು ನೋಣಯ್ಯನ ಮಗಳು ಪದ್ಮಾಕ್ಷಿಯ ಟ್ರಂಕಿನಲ್ಲಿತ್ತು. ಕೇಳಿದಾಗಲೆಲ್ಲ ಅವಳು ಚಾ ಕೊಟ್ಟು, ಇನ್ನೊಮ್ಮೆ ನೋಡುವ ಎಂದು ಕಳಿಸುತ್ತಿದ್ದಳು.

ಈ ಸಲ ಕಾಯುವಂತಿರಲಿಲ್ಲ. ಮಿಜಾರಿನ ಕಡೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುವ ಶ್ರವಣ್, ಎಲೆಕ್ಟ್ರಾನಿಕ್ ಸಂಗೀತದ ಮೊದಲಿಗರ ಮೇಲೆ ಒಂದು ದೊಡ್ಡ ಪ್ರದರ್ಶನ ಏರ್ಪಡಿಸಿದ್ದ. ದೊಡ್ಡ ಮನೆತನದ, ಮಾತು ನಯವಾದ ಮನುಷ್ಯ. ನೌಫಲನ ಎಲ್‌ಪಿಗಳನ್ನು ನೋಡಿ ಬೆರಗಾಗಿ ಮೂವತ್ತನ್ನು ಕೇಳಿದ್ದ. ಆ ಸಾಲಿನಲ್ಲಿ ನೋಣಯ್ಯನಿಗೂ ಒಂದು ಜಾಗ ಕೊಟ್ಟರೆ ಮೂವತ್ತೂ ಕೊಡುತ್ತೇನೆ ಎಂದಿದ್ದ ನೌಫಲ್. ಶ್ರವಣ್ ಒಪ್ಪಿದ, ಆದರೆ ಶಬ್ದ ಬೇಕು, ಬರಿಯ ಕಥೆ ಸಾಲದು, ಶುಕ್ರವಾರದೊಳಗೆ ಬೇಕು ಎಂದ.

ನೌಫಲ್ ತನ್ನ ಒಳ್ಳೆಯ ಕ್ಯಾಸೆಟ್ ಡೆಕ್ಕನ್ನು ಹೊದಿಕೆಯಲ್ಲಿ ಸುತ್ತಿ, ಲ್ಯಾಪ್‌ಟಾಪ್ ಜೊತೆ ಓಮ್ನಿಯಲ್ಲಿಟ್ಟುಕೊಂಡು ಲಾಯಿಲಕ್ಕೆ ಹೋದ. ಬೆಳಗ್ಗೆ ಹನ್ನೊಂದು ಗಂಟೆ. ಪದ್ಮಾಕ್ಷಿ ಮೊರ ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿದ್ದಳು. ಅರವತ್ತು ದಾಟಿದ್ದರೂ ಬೆರಳು ತಾನೇ ತಾನಾಗಿ ಬೀಡಿ ಎಲೆ ಸುತ್ತುತ್ತಿತ್ತು. ಪ್ರದರ್ಶನದ ವಿಷಯ ಪೂರ್ತಿ ಕೇಳಿಸಿಕೊಂಡಳು.

“ಅಪ್ಪನ ಫೋಟೋ ಹಾಕ್ತಾರಾ?”

“ಹಾಕ್ತಾರೆ ಪದ್ಮಕ್ಕ. ಜರ್ಮನಿಯವರ ಪಕ್ಕದಲ್ಲಿ.”

“ಗೋಡೆಯ ಒಳಗಾ, ಹೊರಗಾ?”

ನಗು ತರಿಸಲು ಹೇಳಿದ್ದೋ ಚುಚ್ಚಲು ಹೇಳಿದ್ದೋ ನೌಫಲನಿಗೆ ತಿಳಿಯಲಿಲ್ಲ. ಅವಳು ಒಳಗೆ ಹೋಗಿ ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ ಕ್ಯಾಸೆಟ್ಟು ತಂದಳು. ಆಗಲೇ ಹೇಳಿದ್ದು, ಇಷ್ಟು ವರ್ಷ ಯಾಕೆ ಕೊಡಲಿಲ್ಲ ಎಂದು. ಅದರಲ್ಲಿರುವುದು ಅವಳ ಗಂಡ ಐತಪ್ಪ. ಮಸ್ಕತ್ತಿನಿಂದ ಬಂದ ಕೊನೆಯ ಮಾತು. ಅದು ಕೈಸೇರಿದ ಹದಿನೈದನೇ ದಿನಕ್ಕೆ ಅವನು ಕೆಲಸದ ಕಟ್ಟಡದಿಂದ ಬಿದ್ದ. ಹೆಣವೂ ಬರಲಿಲ್ಲ. ಉತ್ತರಕ್ರಿಯೆಯ ಬೊಜ್ಜದ ದಿನ ಕ್ಯಾಸೆಟ್ಟು ಹಾಕಿದರೆ ರೆಕಾರ್ಡರ್ ಟೇಪನ್ನು ನುಂಗಿತು. ಪೆನ್ಸಿಲು ತೂರಿಸಿ ಗೇಣು ಗೇಣಾಗಿ ವಾಪಸು ಸುತ್ತಿದಳು. ಮತ್ತೆ ಯಾವ ಯಂತ್ರಕ್ಕೂ ಹಾಕುವ ಧೈರ್ಯ ಬರಲಿಲ್ಲ. ಮೂವತ್ತೆಂಟು ವರ್ಷ.

“ತುಂಡಾದರೆ?” ಎಂದಳು.

ತುಂಡಾಗಬಹುದು ಎಂದು ನೌಫಲ್ ನಿಜವನ್ನೇ ಹೇಳಿದ. ಒಂದು ಸಲಕ್ಕೆ ತಡೆದೀತು, ಎರಡನೆಯ ಸಲಕ್ಕೆ ಹೇಳಲಾಗದು. ಆ ಒಂದು ಸಲದಲ್ಲಿ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತೇನೆ ಎಂದ. ಪದ್ಮಾಕ್ಷಿ ಮೊರವನ್ನು ಕೆಳಗಿಟ್ಟು ಕೈಯ ಪುಡಿ ಒರೆಸಿಕೊಂಡಳು. ಹಾಕು ಎಂದು ಗದ್ದ ಆಡಿಸಿಯೇ ಹೇಳಿದಳು.

ಮೊದಲು ಶೂನ್ಯ. ಆಮೇಲೆ ಗಂಡಸಿನ ಸ್ವರ ತುಳುವಿನಲ್ಲಿ ಬಂತು, ಹತ್ತಿರ, ನೆಗಡಿಯಾದವನ ಹಾಗೆ. ಐತಪ್ಪ ಸೆಕೆಯ ವಿಷಯ ಹೇಳಿದ, ಕೋಣೆಯಲ್ಲಿ ಹನ್ನೊಂದು ಮಂದಿ ಎಂದ, ಬಾವಿಕಟ್ಟೆಯ ಕಲ್ಲು ಸಡಿಲವಾಗಿದೆ ಮಗುವನ್ನು ಬಿಡಬೇಡ ಎಂದ. ಲ್ಯಾಪ್‌ಟಾಪಿನ ಸ್ಪೀಕರಿನಿಂದ ಬರುವ ಸ್ವರ ಕೇಳುತ್ತ ಪದ್ಮಾಕ್ಷಿ ಡೆಕ್ಕಿನ ಕಿಟಕಿಯಲ್ಲಿ ತಿರುಗುವ ಚಕ್ರವನ್ನೇ ನೋಡುತ್ತಿದ್ದಳು. ನೌಫಲ್ ಡೆಕ್ಕಿಗೆ ಹೆಡ್‌ಫೋನ್ ಸಿಕ್ಕಿಸಿ ಹಾಕಿಕೊಂಡಿದ್ದ. ಅವನ ಕಿವಿ ಮಾತಿನ ಅಡಿಗೆ ಇಳಿದಿತ್ತು. ಆ ಕಾಲದ ಅಗ್ಗದ ರೆಕಾರ್ಡರುಗಳು ಹಳೆಯದನ್ನು ಪೂರ್ತಿ ಅಳಿಸುತ್ತಿರಲಿಲ್ಲ. ಐತಪ್ಪನ ಮಾತು ಮಾತಿನ ನಡುವೆ, ಬಾವಿಯೊಳಗಿನಿಂದ ಬಂದ ಹಾಗೆ, ಒಂದು ಗುಂಗು ಏರುತ್ತಿತ್ತು, ಸೀಳುತ್ತಿತ್ತು. ನೌಫಲ್ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡ.

ಹನ್ನೆರಡು ನಿಮಿಷಕ್ಕೆ ಐತಪ್ಪನ ಮಾತು ಟಕ್ಕೆಂದು ನಿಂತಿತು. ತಕ್ಷಣ ಒಬ್ಬ ಹುಡುಗಿಯ ಸ್ವರ. ಪದ್ಮಾಕ್ಷಿ ಮೊದಲು ಮಾತಾಡಿ ಕಳಿಸಿದ್ದರಲ್ಲಿ ಅವನು ಅಳಿಸದೆ ಉಳಿಸಿದ್ದ ಭಾಗ. ಇಪ್ಪತ್ತೆರಡರ ಆ ಪದ್ಮಾಕ್ಷಿ ನಗುತ್ತಿದ್ದಳು. ಮಗುವಿಗೆ ಹಲ್ಲು ಬಂದದ್ದು, ಹಂಚು ಒಡೆದದ್ದು, ಯಾರದ್ದೋ ಮದುವೆ. ಟೇಪು ಮುಗಿಯುತ್ತ ಬಂದಾಗ ಅವಳೆಂದಳು: “ಇದು ಅಪ್ಪನ ಗುಂಯ್‌ಗುಂಯ್ ಕ್ಯಾಸೆಟ್ಟು. ಅದರ ಮೇಲೆಯೇ ಮಾತಾಡ್ತಾ ಇದ್ದೇನೆ. ಲೇಬಲು ತುರುಕಿ ಕೊಟ್ಟದ್ದೂ ಅಪ್ಪನೇ.” ಹಿಂದಿನಿಂದ, ದೂರದಲ್ಲಿ, ಮುದುಕನ ಸ್ವರ: “ಮಾತಾಡು ಮಗಾ, ಇನ್ನೂ ಉಂಟು ಜಾಗ. ನಾನು ಬೇರೆ ಮಾಡಿಯೇನು.”

ಆಮೇಲೆ ಅವಳು ಗುಂಡಿ ಒತ್ತಿದ ಸದ್ದು. ಟೇಪಿನ ಕೊನೆಯಲ್ಲಿ ಯಾರೂ ಮಾತಾಡದ ಇಪ್ಪತ್ತು ಸೆಕೆಂಡು ಉಳಿದಿತ್ತು. ಅದರಲ್ಲಿ ನೋಣಯ್ಯ ಒಬ್ಬನೇ. ಒಂದು ಗುಂಗು ಎರಡಾಗಿ, ಎರಡೂ ನಡುಗುತ್ತ ಹತ್ತಿರ ಬಂದು, ಒಂದನ್ನೊಂದು ಮುಟ್ಟುವಷ್ಟರಲ್ಲಿ ಟೇಪು ಮುಗಿಯಿತು.

ಬೇರೆ ಕ್ಯಾಸೆಟ್ಟು ಅವನು ಮಾಡಲೇ ಇಲ್ಲ. ಮರುವರ್ಷ ಒಂದು ದೊಡ್ಡ ಮನೆಯ ಭೂತದ ನೇಮದಲ್ಲಿ ಚಪ್ಪರದೊಳಗೆ ತಂತಿ ಶಾರ್ಟಾಗಿ ತೆಂಗಿನ ಮಡಲಿಗೆ ಬೆಂಕಿ ಹಿಡಿಯಿತು. ನೋಣಯ್ಯ ಹಗ್ಗ ಹಾರಿ ಒಳಗೆ ಓಡಿ, ಬರಿಗೈಯಲ್ಲಿ ತಂತಿ ಕಿತ್ತ. ಐವತ್ತು ಜನ ಉಳಿದುಕೊಂಡರು. ಮಾರನೇ ದಿನ ಅಂಗಳಕ್ಕೆ ಶುದ್ಧದ ನೀರು ಹಾಕಿದರು, ಅವನ ಶೆಡ್ಡಿಗೆ ಬಂದು ತೇಗದ ಪೆಟ್ಟಿಗೆಯನ್ನು ಕೊಡಲಿಯಲ್ಲಿ ಒಡೆದರು. ಬದುಕಿದವರಲ್ಲಿ ಒಬ್ಬನೂ ಬೇಡ ಎನ್ನಲಿಲ್ಲ. ಸುಟ್ಟ ಬೆರಳುಗಳು ಮತ್ತೆ ತಿರುಪು ಹಿಡಿಯುವಷ್ಟು ಮಡಚಲಿಲ್ಲ. ಆಮೇಲೆ ಹನ್ನೆರಡು ವರ್ಷ ಬದುಕಿದ, ಬೀಡಿಯ ಕಟ್ಟು ಹೊತ್ತು.

ನೌಫಲ್ ಅಲ್ಲಿಂದಲೇ ಶ್ರವಣನಿಗೆ ಫೋನು ಮಾಡಿ, ಪದ್ಮಾಕ್ಷಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದ. ಶ್ರವಣನಿಗೆ ಖುಷಿಯೋ ಖುಷಿ. ಮಾತನ್ನು ತೆಗೆದು ಅಡಿಯ ಸಂಗೀತವನ್ನು ಮಾತ್ರ ಎತ್ತುವ ಸಾಫ್ಟ್‌ವೇರ್ ಉಂಟು, ಮುಕ್ಕಾಲು ಪಾಲು ಸಿಕ್ಕೀತು, ಈಗಲೇ ಕಳಿಸಿ ಎಂದ.

ಪದ್ಮಾಕ್ಷಿ ಫೋನಿನ ಹತ್ತಿರ ಬಾಗಿದಳು. “ಮಾತು ತೆಗೆಯುವುದು ಅಂದರೆ ಎಂತ? ಇವರ ಸ್ವರವಾ?”

“ನಿಮ್ಮ ಕ್ಯಾಸೆಟ್ಟಿಗೆ ಏನೂ ಆಗುವುದಿಲ್ಲಮ್ಮ. ನಮ್ಮ ಪ್ರತಿಯಲ್ಲಿ ಮಾತ್ರ. ಅದು ಅಲ್ಲಿ ಒಂದು ರೀತಿಯ ಗಲಾಟೆ, ಅಲ್ವಾ?”

“ಇದ್ದ ಹಾಗೆ ಹಾಕಿ ಸರ್,” ಎಂದ ನೌಫಲ್. “ಮೂವರೂ ಇರಲಿ.”

ಹಾಗಾದರೆ ಅದು ಒಬ್ಬನ ಆಲ್ಬಂ ಆಗುವುದಿಲ್ಲ ನೌಫಲ್ ಭಾಯ್, ಮೊದಲಿಗರ ಸಾಲಿಗೆ ಬರುವುದಿಲ್ಲ, ಬೇಕಾದರೆ ಜಾನಪದದ ಮೂಲೆ ಒಂದು ಉಂಟು, ಅಲ್ಲಿ ಚೆನ್ನಾಗಿ ಇಡುವ ಎಂದು ಶ್ರವಣ್ ನಯವಾಗಿಯೇ ಹೇಳಿದ. ಉಳ್ಳವರ ಮಕ್ಕಳು ತಂತಿ ಮುಟ್ಟಿದರೆ ಪ್ರಯೋಗ; ಕಾಲನಿಯವ ಮುಟ್ಟಿದರೆ ಜಾನಪದ. ಹಗ್ಗ ಈಗಲೂ ಇತ್ತು, ಕಟ್ಟುವವರು ಇಂಗ್ಲಿಷು ಕಲಿತಿದ್ದರು ಅಷ್ಟೆ.

ನೌಫಲನ ಬೆರಳು ಲ್ಯಾಪ್‌ಟಾಪಿನ ಮೇಲಿತ್ತು. ಒಂದು ಸಲ ಒತ್ತಿದರೆ ಸಾಕು. ಜರ್ಮನಿಯವರ ಪಕ್ಕದಲ್ಲಿ ನೋಣಯ್ಯ. ಇಪ್ಪತ್ತು ವರ್ಷ ಅಲೆದದ್ದು ಅದಕ್ಕೇ. ಅವನು ಪದ್ಮಾಕ್ಷಿಯ ಮುಖ ನೋಡಿದ.

“ಅಪ್ಪನನ್ನು ನಾನು ಒಮ್ಮೆ ಅಳಿಸಿದೆ,” ಎಂದಳು. “ಈಗ ಅಪ್ಪನಿಗೋಸ್ಕರ ಇವರನ್ನು ಅಳಿಸಬೇಕಾ? ಅಳಿಸಿದ್ದು ಸಾಕು ಮಾರಾಯ.”

ನೌಫಲ್ ಕಳಿಸಲಿಲ್ಲ. ಎಲ್‌ಪಿಗಳೂ ಬರುವುದಿಲ್ಲ ಎಂದು ಫೋನು ಇಟ್ಟ. ಆಮೇಲೆ ಏನು ಮಾಡಬೇಕೆಂದು ತಿಳಿಯದೆ, ಕೈಗೆ ರೂಢಿಯಾದ ಕೆಲಸ ಮಾಡತೊಡಗಿದ: ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ ಡೆಕ್ಕಿನ ಹೆಡ್ ಒರೆಸಿದ. ಹತ್ತಿ ಕಂದಾಯಿತು. ಹಳೆ ಟೇಪಿನಿಂದ ಉದುರಿದ ಹುಡಿ. ಅದೆಂತದು ಎಂದು ಪದ್ಮಾಕ್ಷಿ ಕೇಳಿದಳು. ಟೇಪಿನದ್ದು ಎಂದ. ಅವಳು ಅರ್ಥ ಮಾಡಿಕೊಂಡಳು. ಬಿಸಾಡಬೇಡ ಎಂದು ಕೈಚಾಚಿ ಆ ಹತ್ತಿಯನ್ನು ಇಸಕೊಂಡು, ಕ್ಯಾಸೆಟ್ಟಿನ ಜೊತೆ ಸೀರೆಯ ತುಂಡಿನಲ್ಲಿಟ್ಟು ಗಂಟು ಹಾಕಿದಳು.

ಆಗ ನೌಫಲ್ ಇಲ್ಲಿಯವರೆಗೆ ಯಾರಿಗೂ ಹೇಳದ್ದನ್ನು ಹೇಳಿದ. ನಾಲ್ಕನೇ ನಂಬರಿನ ಕ್ಯಾಸೆಟ್ಟು ತನ್ನ ಮನೆಯದೇ. ಒಂಬತ್ತು ವರ್ಷದವನಿದ್ದಾಗ ಅದರ ತೂತಿಗೆ ಬೀಡಿ ಲೇಬಲು ತುರುಕಿದ್ದು ತಾನೇ. ಉಮ್ಮ ಕುವೈತಿನಲ್ಲಿದ್ದ ಬಾಪನಿಗೆ ಅದರಲ್ಲಿ ಮಾತಾಡಿದ್ದಳು, ಬಾಪ ಅದನ್ನು ಅಳಿಸದೆ ಊರಿಗೆ ತಂದಿದ್ದ.

ಉಮ್ಮ ಎಂತ ಹೇಳಿದ್ದಳು ಎಂದು ಪದ್ಮಾಕ್ಷಿ ಕೇಳಿದಳು.

ಆ ಕ್ಯಾಸೆಟ್ಟನ್ನು ನೌಫಲ್ ನೂರು ಸಲ ಓಡಿಸಿದ್ದ. ಎಲ್ಲಿಯಾದರೂ ನೋಣಯ್ಯ ಉಳಿದಿದ್ದಾನೋ ಎಂದು ಮಾತು ಬಂದಲ್ಲೆಲ್ಲ ಮುಂದಕ್ಕೆ ಹಾರಿಸಿದ್ದ. ಉಮ್ಮ ತೀರಿಕೊಂಡು ಆರು ವರ್ಷವಾಗಿತ್ತು.

ಬಂಟ್ವಾಳಕ್ಕೆ ಮುಟ್ಟುವಾಗ ಮಸೀದಿಯಲ್ಲಿ ಸಂಜೆಯ ಅಸರ್ ಬಾಂಗ್ ಆಗಿತ್ತು. ಕೆಳಗೆ ಯಾರೋ ತಗಡು ತೂಗಿಸಲು ಕರೆಯುತ್ತಿದ್ದರು. ಅವನು ಮೇಲೆ ಹೋಗಿ ನಾನ್ನೂರು ಎಲ್‌ಪಿಗಳ ಸಾಲಿನ ತುದಿಯಿಂದ ನಾಲ್ಕನೇ ನಂಬರನ್ನು ತೆಗೆದು, ಮೊದಲಿನಿಂದ ಹಾಕಿ, ನೆಲದ ಮೇಲೆ ಕೂತ. ತೂತಿನಲ್ಲಿ ತನ್ನದೇ ಬೆರಳು ತುರುಕಿದ ಲೇಬಲು ಹಾಗೇ ಇತ್ತು. ಗುಂಡಿ ಒತ್ತಿದ ಸದ್ದಿನ ಹಿಂದೆ ಉಮ್ಮ ಗಂಟಲು ಸರಿಮಾಡಿಕೊಂಡಳು. ಬ್ಯಾರಿ ಭಾಷೆಯಲ್ಲಿ, ಯಂತ್ರಕ್ಕೆ ಹೆದರಿದವಳ ಹಾಗೆ ಸಣ್ಣ ಸ್ವರದಲ್ಲಿ, ನಾನು ಹೇಳುವುದು ನಿಮಗೆ ಕೇಳ್ತದಾ ಎಂದು ಕೇಳಿದಳು. ಸ್ವಲ್ಪ ಕಾದು, ಮತ್ತೊಮ್ಮೆ ಕೇಳಿದಳು.