ರೆಜಿನಾ ಮಾಡಿದ ಕಸದ ಮೊರ

ನಾನೊಂದು ಕಸದ ಮೊರ. ಹುಟ್ಟಿದ್ದು ಹಳಿಯಾಳದ ಕಡೆಯ ಒಂದು ಶಾಲೆಯ ಅಡುಗೆಕೋಣೆಯ ಹಿಂದೆ, ಖಾಲಿಯಾದ ಎಣ್ಣೆ ಡಬ್ಬಿಯಿಂದ. ಹೆತ್ತವಳು ಬಿಸಿಯೂಟ ಬೇಯಿಸುವ ರೆಜಿನಾ ಸಿದ್ದಿ, ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದ ಸಿದ್ದಿಯರ ಪೈಕಿ. ಅಡುಗೆಯ ಜೊತೆಗೆ ಶಾಲೆಯ ಕಸ ಗುಡಿಸುವುದನ್ನೂ ಅವಳ ತಲೆಗೇ ಕಟ್ಟಿದ್ದರು. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಾಗ ಅವಳು ಯಾರ ಮುಂದೂ ಗೋಳಾಡಲಿಲ್ಲ, ತಗಡು ಕತ್ತರಿಸಲು ಕೂತಳು. ನಾಲ್ಕು ಡಬ್ಬಿ ಕೆಟ್ಟ ಮೇಲೆ ನಾನು ಸರಿಹೋದೆ. ಎದೆಯೆತ್ತರದ ಬಿದಿರಿನ ಹಿಡಿ, ಸೈಕಲ್ ಕಡ್ಡಿಯ ಕೀಲು, ಹಿಂದಿನ ಮಡಿಕೆಯೊಳಗೆ ಅವಳೊಬ್ಬಳಿಗೇ ಗೊತ್ತಿರುವ ಒಂದು ಭಾರ. ನೆಲಕ್ಕಿಟ್ಟರೆ ಬಾಯಿ ಚಾಚುತ್ತಿದ್ದೆ. ಎತ್ತಿದರೆ ಬಾಯಿ ಮೇಲೆ ಮಾಡಿ ಕಸವನ್ನೆಲ್ಲ ಒಳಗೇ ಹಿಡಿದುಕೊಳ್ಳುತ್ತಿದ್ದೆ. ರೆಜಿನಾ ಬಗ್ಗುವುದೇ ತಪ್ಪಿತು.

ಹೆಡ್ ಮಾಸ್ತರು ನೋಡಿದರು. "ಇದನ್ನ ವಿಜ್ಞಾನ ಮೇಳಕ್ಕ ಒಯ್ತೀನಿ. ನಿನ್ನ ಹೆಸರೇ ಹಾಕಸ್ತೀನಿ" ಎಂದರು. ಮೇಳದಲ್ಲಿ ನನಗೆ ಬಹುಮಾನ ಬಂತು. ಹೊರಳಿ ಬರುವಾಗ ನನ್ನ ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ಹೆಸರೂ ಇತ್ತು, ಆದರೆ ಹೆಡ್ ಮಾಸ್ತರದು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿತು. ರೆಜಿನಾ ಒಂದೇ ಸಲ ಕೇಳಿದಳು.

"ಹೆಸರು ಯಾರದಾದ್ರೇನು? ಶಾಲಿಗೇ ಬಂತಲ್ಲ" ಎಂದರು ಅವರು. ಅವಳು ಒಲೆಯ ಮುಂದೆ ಹೋಗಿ ಕೂತಳು. ಅವಳ ಕೆಲಸ ಅವರ ಕೈಯಲ್ಲಿತ್ತು.

ಒಂದು ದಿನ ಮೂರನೇ ತರಗತಿಯ ಅಕ್ಕೋರು ಕಪ್ಪು ಜನರು ಕಂಡುಹಿಡಿದ ವಸ್ತುಗಳ ಪಾಠ ಮಾಡಿದರು. ಅಮೆರಿಕದ ಲಾಯ್ಡ್ ರೇ ಎಂಬ ಕಪ್ಪು ಮನುಷ್ಯ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಕಸದ ಮೊರವನ್ನು ಸುಧಾರಿಸಿದ ಎಂದು ಹೇಳಿ, ಮಕ್ಕಳಿಗೆ ತೋರಿಸಲು ನನ್ನನ್ನು ತರಿಸಿದರು. "ಇಂಥವರ ಹೆಸರು ಯಾರಿಗೂ ಗೊತ್ತಿಲ್ಲ. ಎಂಥಾ ಅನ್ಯಾಯ ನೋಡ್ರಿ" ಎನ್ನುವಾಗ ಅವರ ದನಿ ನಿಜವಾಗಿಯೂ ತೇವವಾಗಿತ್ತು.

ರೆಜಿನಾಳ ಮಗಳು ಮಿಲಾಗ್ರಿನ್ ಎದ್ದು ನಿಂತಳು. "ಅಕ್ಕೋರ, ಈ ಮೊರ ನಮ್ಮವ್ವ ಮಾಡಿದ್ದು."

ತರಗತಿ ನಕ್ಕಿತು. ಅಕ್ಕೋರು ನನ್ನನ್ನು ತಿರುಗಿಸಿ ಬೆನ್ನು ತೋರಿಸಿದರು. ನನ್ನನ್ನೇ ಸಾಕ್ಷಿಗೆ ನಿಲ್ಲಿಸಿದರು, ನಾಚಿಕೆಯಿಂದ ಸತ್ತುಹೋದೆ. ಸುಳ್ಳು ಹೇಳಿದ್ದಕ್ಕೆ ಹುಡುಗಿ ಹತ್ತು ಸಲ ಬರೆಯಬೇಕಾಯಿತು: ಈ ಮೊರವನ್ನು ಮಾಡಿದವರು ನಮ್ಮ ಹೆಡ್ ಮಾಸ್ತರು. ಅಡುಗೆಕೋಣೆಯ ಮೆಟ್ಟಿಲ ಮೇಲೆ ಕೂತು ಬರೆದಳು. ಐದನೆಯವರೆಗೆ ಓದಿದ್ದ ರೆಜಿನಾ ಹಿಂದೆ ನಿಂತು ಹತ್ತೂ ಸಾಲು ಓದಿದಳು.

ಮಳೆಗಾಲ ಕಳೆದು ನನ್ನ ಕೀಲು ಮುರಿಯಿತು. ಮಡಿಕೆ ಬಿಚ್ಚಿಕೊಂಡು ಒಳಗಿನ ಭಾರವೂ ಎಲ್ಲೋ ಬಿತ್ತು. ಮರುದಿನವೇ ನನ್ನನ್ನು ನೋಡಲು ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು. ಹೆಡ್ ಮಾಸ್ತರು ಸುತ್ತಿಗೆ ಹಿಡಿದು ಕೂತರು. ಸಂಜೆಯ ಹೊತ್ತಿಗೆ ಅವರ ಹೆಬ್ಬೆರಳು ಊದಿಕೊಂಡಿತ್ತು, ನಾನು ಹಾಗೇ ಇದ್ದೆ. ಕೊನೆಗೆ ಅಡುಗೆಕೋಣೆಗೆ ಬಂದರು. "ರೆಜಿನಾಬಾಯಿ, ಸ್ವಲ್ಪ ನೋಡ್ರಲ್ಲ" ಎಂದರು. ಬಾಯಿ ಎಂಬ ಮರ್ಯಾದೆ ಆವತ್ತೇ ಮೊದಲು.

ಅವಳು ಕೈ ಒರೆಸಿಕೊಂಡು ನನ್ನನ್ನು ಎತ್ತಿಕೊಂಡಳು. ಮುರಿದ ಕಡೆಯೇ ಅವಳ ಬೆರಳು ಹೋಯಿತು. ಅವಳಿಗೆ ಅದು ಹತ್ತು ನಿಮಿಷದ ಕೆಲಸ. ಬದುಕಿದೆ ಅಂದುಕೊಂಡೆ.

"ನಂಗೇನ ಗೊತ್ತು ಸರ್, ನಾ ಅಡಗಿ ಮಾಡಾಕಿ" ಎಂದಳು ರೆಜಿನಾ. "ಮಾಡಿದವರನ್ನ ಕೇಳ್ರಿ."

ಈಗ ಸೌದೆಯ ಹಿಂದೆ ತುಕ್ಕು ಹಿಡಿದು ಬಿದ್ದಿದ್ದೇನೆ. ಅವಳು ಮಾಡಿದ್ದು ಸರಿ. ನನ್ನನ್ನು ಬದುಕಿಸಿದ್ದರೆ ಬೆನ್ನ ಮೇಲಿನ ಆ ಹೆಸರನ್ನೂ ಬದುಕಿಸಬೇಕಿತ್ತು. ಹೊಸದೊಂದು ಮಾಡಿದರೂ ಅದರ ಬೆನ್ನಿಗೆ ಅದೇ ಹೆಸರು ಬರುತ್ತಿತ್ತು. ಆದರೆ ದಿನವೂ ಸಂಜೆ ಅವಳು ಒಂದು ರಟ್ಟಿನ ತುಂಡು ಹಿಡಿದು, ಸೊಂಟಕ್ಕೆ ಕೈಕೊಟ್ಟು, ಮೊದಲಿನಂತೆಯೇ ನೆಲಕ್ಕೆ ಬಗ್ಗುತ್ತಾಳೆ.