ವಿಸರ್ಜನೆಯಾಗದ ಸರಸ್ವತಿ

ಜಾವಗಲ್ಲಿನ ಕೊಬ್ಬರಿ ವರ್ತಕರು ಹಿಂದೆಂದೋ ಕಟ್ಟಿಸಿ ಊರಿಗೊಪ್ಪಿಸಿದ ವಾಚನಾಲಯದಲ್ಲಿ ವಾಸ ಶಾರದೆಯದಾದರೂ ಆಳ್ವಿಕೆ ಕಡಲೆಕಾಯಿ ಸಿಪ್ಪೆಯದಾಗಿತ್ತು. ಹೆಂಚು ಸೋರಿದಲ್ಲಿ ಬಕೆಟ್ಟು, ಕಿಟಕಿ ಮುರಿದಲ್ಲಿ ರಟ್ಟು. ಫ್ಯಾನಿನ ಕೆಳಗಿನ ಕುರ್ಚಿಗಳನ್ನು ಬಸ್ಸಿನ ಸೀಟಿನಂತೆ ಟವೆಲ್ ಹಾಸಿ ಹಿಡಿದವರು ಅಲ್ಲಿಯೇ ಯೋಗನಿದ್ರೆಗೆ ಜಾರುತ್ತಿದ್ದರು. ಎಚ್ಚರವಿದ್ದವರು ಮೇಜಿನ ಮೇಲೆ ಕಾಲು ಚಾಚಿ, ಪತ್ರಿಕೆಯನ್ನು ಹಾಳೆಹಾಳೆಯಾಗಿ ಹಂಚಿಕೊಂಡು, ತಾರಸ್ವರದಲ್ಲಿ ವ್ಯಾಖ್ಯಾನ ಮಾಡುತ್ತಿದ್ದರು. ಗ್ರಂಥಪಾಲಕಿ ಲತಾಮಣಿ ತೂಗುಹಾಕಿದ್ದ ‘ಮೌನ’ ಎಂಬ ಫಲಕಕ್ಕೆ ಯಾರೋ ಕೊಡೆ ನೇತುಹಾಕಿದ್ದರು.

ನವರಾತ್ರಿಯ ಮೂಲಾ ನಕ್ಷತ್ರದಂದು ಆಕೆ ಪದ್ಧತಿಯಂತೆ ಬೀರುವಿನ ಪುಸ್ತಕಗಳನ್ನೆಲ್ಲ ಮೇಜಿನ ಮೇಲೆ ಪೇರಿಸಿ, ರೇಷ್ಮೆ ವಸ್ತ್ರ ಹೊದಿಸಿ, ಸರಸ್ವತಿಯ ಪಟವಿಟ್ಟು ಪೂಜಿಸಿದಳು. ಆಗ ಪವಾಡವೇ ನಡೆಯಿತು. ಕಾಲುಗಳು ಮೇಜಿನಿಂದಿಳಿದವು, ಚಪ್ಪಲಿಗಳು ಹೊರಗುಳಿದವು, ವ್ಯಾಖ್ಯಾನಕಾರರು ಪಿಸುಮಾತಿಗಿಳಿದರು. ಪೂಜೆಗಿಟ್ಟ ಪುಸ್ತಕವನ್ನು ವಿಸರ್ಜನೆಯಾಗುವ ತನಕ ಮುಟ್ಟಬಾರದೆಂಬುದು ಎಲ್ಲರಿಗೂ ತಿಳಿದದ್ದೇ. ವಿಜಯದಶಮಿ ಕಳೆಯಿತು. ಲತಾಮಣಿ ಮಾತ್ರ ವಿಸರ್ಜನೆಯ ಮಾತೆತ್ತಲಿಲ್ಲ. ದಿನವೂ ಹೂವೇರಿಸಿ, ಗುಡಿಸುವ ಕೆಲಸ ಕಡಿಮೆಯಾದುದಕ್ಕೆ ದೇವಿಗೆ ಕೈಮುಗಿಯುತ್ತಿದ್ದಳು.

ಸಂಕಟಕ್ಕೆ ಸಿಕ್ಕಿದವರು ಕೊಬ್ಬರಿ ವ್ಯಾಪಾರದಿಂದ ಬಿಡುವು ಪಡೆದಿದ್ದ ಇಂದುಧರಪ್ಪನವರು. ಅವರ ಮಡದಿ ಬಸಮ್ಮನವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು, ಓದು ನಿಷಿದ್ಧ. ಆದುದರಿಂದ ಇವರು ವಾಚನಾಲಯದಲ್ಲಿ ಹಳೆಯ ಕಾದಂಬರಿಯೊಂದನ್ನು ದಿನಕ್ಕಿಷ್ಟು ಓದಿ, ಸಂಜೆ ಮನೆಯಲ್ಲಿ ಹೇಳುತ್ತಿದ್ದರು. ಆ ಪುಸ್ತಕಕ್ಕೆ ಮುಖಪುಟವಿರಲಿಲ್ಲ. ಹೆಸರು ತಿಳಿಯದ ಕಾರಣ ಬೇರೆಡೆ ಹುಡುಕಿಸುವಂತೆಯೂ ಇರಲಿಲ್ಲ. ಕಥೆ, ನಾಯಕಿ ಹೊಳೆಯ ದಂಡೆಯಲ್ಲಿ ನಾಯಕನಿಗೆ ಕಾಯುತ್ತ ನಿಂತ ಕೊನೆಯ ಅಧ್ಯಾಯಕ್ಕೆ ಬಂದಾಗ ಪುಸ್ತಕವೂ ರೇಷ್ಮೆಯ ಕೆಳಗೆ ಸೇರಿತು.

ವಿಸರ್ಜನೆಯಾಗಬೇಕಾದ ಶ್ರವಣಾ ನಕ್ಷತ್ರ ಎಂದೋ ಕಳೆಯಿತಲ್ಲ ಎಂದು ಅವರು ಲತಾಮಣಿಗೆ ಶಾಸ್ತ್ರವನ್ನು ನೆನಪಿಸಿದರು.

“ಶಾಸ್ತ್ರ ನಿಮಗೆ ಗೊತ್ತು ಸಾವ್ಕಾರ್ರೇ, ಕಸ ನಂಗೆ ಗೊತ್ತು,” ಎಂದಳು ಆಕೆ. “ದೇವಿ ಎದ್ದ ಗಳಿಗೇಲೇ ಇವ್ರ ಕಾಲು ಮೇಜು ಹತ್ತುತ್ವೆ.”

ಬರಿಗೈಯಲ್ಲಿ ಬಂದ ಗಂಡನನ್ನು ಬಸಮ್ಮನವರು ಕರಿ ಕನ್ನಡಕದೊಳಗಿನಿಂದಲೇ ಅಳೆದರು. “ಇವತ್ತೂ ಕೈಮುಗಿದು ಬಂದ್ರಾ? ಚೆನ್ನಾಗೈತೆ. ಆ ಹುಡ್ಗಿ ಹೊಳೆ ದಂಡೇಲಿ ನಿಂತು ಹದಿನೈದು ದಿನ ಆಯ್ತು. ಕಾಲು ನೋಯಲ್ವೇನ್ರೀ ಅದಕ್ಕೆ?” ನಾಳೆಯೂ ಹೀಗೆಯೇ ಆದರೆ ಕನ್ನಡಕ ತೆಗೆದಿಟ್ಟು ತಾವೇ ಹೋಗಿ ಓದುವುದಾಗಿಯೂ ಸಾರಿದರು. ಆಡಿದ್ದನ್ನು ಮಾಡುವ ಹೆಂಗಸು. ಇಂದುಧರಪ್ಪನವರಿಗೆ ವೈದ್ಯರ ಎಚ್ಚರಿಕೆ ನೆನಪಾಗಿ ನಿದ್ದೆ ಹತ್ತಲಿಲ್ಲ.

ಮರುದಿನ ಅವರು ಹಾವೂ ಸಾಯದ, ಕೋಲೂ ಮುರಿಯದ ಉಪಾಯದೊಂದಿಗೆ ಬಂದರು. “ದೇವೀನ ಏಳಿಸ್ಬೇಡ ತಾಯಿ, ಕೂತಿರ್ಲಿ. ಆದ್ರೆ ಅವಳ ಮುಂದೆ ಕೂತು ಓದಿದ್ರೆ ಅದು ಪಾರಾಯಣ. ಪಾರಾಯಣಕ್ಕೆ ಯಾರ ತಡೆ?” ಪಾರಾಯಣಕ್ಕೆ ಕೈಕಾಲು ತೊಳೆಯಬೇಕು, ಬೆನ್ನು ನೆಟ್ಟಗಿರಬೇಕು, ಬಾಯಲ್ಲಿ ಏನೂ ಇರಬಾರದು ಎಂದು ನಿಯಮಗಳನ್ನೂ ವಿವರಿಸಿದರು. ಲತಾಮಣಿಯ ಮುಖ ಅರಳಿತು. ಸೋರುವ ಹೆಂಚಿನ ಕೆಳಗಿನ ಬಕೆಟ್ಟು ಬಾಗಿಲಿಗೆ ಬಂದು ಪಾದಪ್ರಕ್ಷಾಲನೆಗೆ ಒದಗಿತು.

ಪ್ರಥಮ ಪಾರಾಯಣ ಅವರದೇ. ಟವೆಲ್ಲಿನವರೆಲ್ಲ ಸುತ್ತ ನೆರೆದು ನೋಡುತ್ತಿದ್ದಾಗ, ಪುಟ ತಿರುವಲೆಂದು ಅವರ ಬೆರಳು ಅಭ್ಯಾಸಬಲದಿಂದ ನಾಲಗೆಯತ್ತ ಹೊರಟಿತು.

“ಎಂಜಲು, ಸಾವ್ಕಾರ್ರೇ,” ಎಂದಳು ಲತಾಮಣಿ, ಮೆಲ್ಲಗೆ.

ಇಂದುಧರಪ್ಪನವರು ಎದ್ದು ಕೈ ತೊಳೆದು ಬಂದರು. ಓದು ಸಾಗಿತು. ನಾಯಕನ ದೋಣಿ ಹೊಳೆಯ ನಡುವೆ ಕಾಣಿಸಿಕೊಂಡಿತು. ಹಾಳೆ ತಿರುವಿದರೆ ಮುಂದೆ ಬರಿಯ ಹರಿದ ಅಂಚು. ಯಾವನೋ ಪುಣ್ಯಾತ್ಮ ಕಡಲೆಕಾಯಿಗೆ ಪೊಟ್ಟಣ ಕಟ್ಟಿದ್ದನು. ಅವರು ತಲೆಯೆತ್ತಿದಾಗ ಸುತ್ತ ನೆರೆದವರೆಲ್ಲ ಹೆಂಚು ಎಣಿಸುತ್ತಿದ್ದರು.

ಅಂದು ಸಂಜೆ ಅವರು ಮಡದಿಯ ಪಕ್ಕದಲ್ಲಿ ಕುಳಿತು ದೋಣಿಯನ್ನು ದಡ ಸೇರಿಸಿದರು. ನಾಯಕಿಯ ಕಣ್ಣೀರು ಒರೆಸಿದರು, ಲಗ್ನ ಕಟ್ಟಿದರು, ಚಪ್ಪರ ಹಾಕಿಸಿ ಊರಿಗೆಲ್ಲ ಎಲೆ ಹಾಕಿಸಿ ಊಟ ಬಡಿಸಿದರು.

“ಈ ಮದುವೆ ಪುಸ್ತಕದಲ್ಲಿಲ್ಲ ಕಣ್ರೀ,” ಎಂದರು ಬಸಮ್ಮನವರು. “ಪುಸ್ತಕ ಬರೆದೋನು ಇಷ್ಟು ಹೊತ್ತು ಪಂಕ್ತೀಲಿ ಕೂರ್ತಿರ್ಲಿಲ್ಲ.”

ಇಂದುಧರಪ್ಪನವರು ಹರಿದ ಹಾಳೆಯ ಸಂಗತಿಯನ್ನು ಹೇಳಿಬಿಟ್ಟರು.

“ಇರ್ಲಿ ಬಿಡಿ. ಹೊಳೆ ದಂಡೇಲಿ ನಿಂತಿರೋದಕ್ಕಿಂತ ವಾಸಿ,” ಎಂದು ಬಸಮ್ಮನವರು ದಿಂಬಿಗೊರಗಿದರು. “ಹೋಳಿಗೆಗೆ ತುಪ್ಪ ಬಡಿಸಿದ್ರಾ?”