ಮಡಚುವುದೋ, ಕಳಚುವುದೋ

ಕೈರೋದ ಶುಬ್ರಾ ಬಡಾವಣೆಯ ಆ ಕಟ್ಟಡದಲ್ಲಿ ನಾಲ್ಕನೇ ಮಹಡಿಯ ಇಂತಿಸಾರ್‌ಳನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ಮಗಳ ಹೆಸರು ಸೇರಿಸಿ ‘ಉಮ್ಮ್ ರಬಾಬ್’, ಅಂದರೆ ರಬಾಬ್‌ಳ ಅಮ್ಮ, ಎನ್ನುತ್ತಿದ್ದರು. ಆಕೆ ಬಾಲ್ಕನಿಯಿಂದ ಒಂದು ಕೂಗು ಹಾಕಿದರೆ ಬೀದಿಯ ತುದಿಯಲ್ಲಿದ್ದ ಸಬ್ರಿಯ ತರಕಾರಿ ಗಾಡಿ ನಿಂತುಬಿಡುತ್ತಿತ್ತು. ಗಾಡಿಯ ಕತ್ತೆಯೂ ಕಿವಿ ನಿಮಿರಿಸುತ್ತಿತ್ತು.

“ಏಯ್ ಸಬ್ರಿ! ನಿನ್ನೆ ಕೊಟ್ಯಲ್ಲ ಟೊಮೇಟೊ, ಅದನ್ನ ನಿಮ್ಮತ್ತೆಗೆ ತಿನ್ಸು! ಇವತ್ತೂ ಕೊಳೆತದ್ದು ಬಂತೋ, ಬುಟ್ಟಿ ಸಮೇತ ನಿನ್ನ ತಲೆ ಮೇಲೇ ಹಾಕ್ತೀನಿ!” ಎಂದು ಬೈಯುತ್ತಾ ಹಗ್ಗ ಕಟ್ಟಿದ ಬುಟ್ಟಿಯನ್ನು ಕೆಳಗಿಳಿಸುತ್ತಿದ್ದಳು.

“ಹಾಕಮ್ಮಾ, ಹಾಕು! ನಿನ್ನ ಬೈಗುಳ ಕೇಳ್ದೆ ನಂಗೆ ಬೋಣಿನೇ ಆಗಲ್ಲ!” ಎಂದು ಅವನು ಕೆಳಗಿನಿಂದ ಕಿರುಚುತ್ತಿದ್ದ.

ಅಂಥ ಗಂಟಲಿಗೇ ಬಂತು ನೋಡಿ ಕಾಯಿಲೆ. ಚಳಿಗಾಲದಲ್ಲಿ ಮಾತು ಸ್ವಲ್ಪ ತೊದಲಿತು. ಹಲ್ಲಿನ ಸೆಟ್ಟು ಸಡಿಲವಾಗಿರಬೇಕು ಎಂದುಕೊಂಡರು. ಹಲ್ಲಲ್ಲ, ನರ. ಮೊದಲು ನಾಲಿಗೆ, ಆಮೇಲೆ ನುಂಗುವುದು, ಆಮೇಲೆ ಉಸಿರು ಎಂದು ಡಾಕ್ಟರು ಬೆರಳು ಮಡಚಿ ಹೇಳಿಬಿಟ್ಟರು. ಔಷಧಿ ಇಲ್ಲ. ಮಾತು ಕಲಿಸುವ ಚಿಕಿತ್ಸೆಯ ಹೆಂಗಸು ಮಾತ್ರ ರಬಾಬ್‌ಳನ್ನು ಪಕ್ಕಕ್ಕೆ ಕರೆದು ಒಂದು ದಾರಿ ತೋರಿಸಿದಳು.

“ನಿಮ್ಮಮ್ಮನ ದನಿ ಇರೋವಾಗ್ಲೇ ಒಂದು ಐನೂರು ವಾಕ್ಯ ಹೇಳ್ಸಿ ತುಂಬಿಟ್ಕೊಳಿ. ಮುಂದೆ ಅವರು ಬರೆದದ್ದನ್ನ ಯಂತ್ರ ಅವರ ದನೀಲೇ ಹೇಳತ್ತೆ. ಒಳ್ಳೇ ಲ್ಯಾಪ್‌ಟಾಪ್ ಆದ್ರೆ ಮುಂದಕ್ಕೂ ಅನುಕೂಲ. ಆದ್ರೆ ಅದಕ್ಕೆ ಕಾಯ್ಬೇಡಿ, ಇವತ್ತೇ ಫೋನಲ್ಲಿ ಶುರು ಮಾಡಿ. ದನಿ ಹೋದ್ಮೇಲೆ ನಾನೂ ಏನೂ ಮಾಡಕ್ಕಾಗಲ್ಲ.”

ರಬಾಬ್‌ಗೆ ‘ಒಳ್ಳೇ ಲ್ಯಾಪ್‌ಟಾಪ್’ ಎಂಬುದಷ್ಟೇ ಕಿವಿಗೆ ಬಿತ್ತು. ನಲವತ್ತು ವಯಸ್ಸಿನ, ಶಾಲೆಯಲ್ಲಿ ಲೆಕ್ಕ ಕಲಿಸುವ ಮೇಡಂ ಅವಳು, ಅರೆಬರೆ ಕೆಲಸವೆಂದರೆ ಮೈಯುರಿ. ಅಮ್ಮನ ದನಿಯನ್ನು ಗೀರುಬಿದ್ದ ಫೋನಿನಲ್ಲಿ ತುಂಬುವುದೇ? ಅಮ್ಮ ಕೈಯಿಂದ ಎರಡು ಚಿನ್ನದ ಬಳೆ ಬಿಚ್ಚಿಕೊಟ್ಟಳು. ಬುಸ್ತಾನ್ ಬೀದಿಯ ಅಂಗಡಿಗೆ ತಾಯಿ ಮಗಳಿಬ್ಬರೂ ಹೋದರು.

“ಯಾವ ಕೆಲಸಕ್ಕೆ ಬೇಕು, ಮೇಡಂ?” ಎಂದು ಅಂಗಡಿಯ ಶೆನೂದ ಕೇಳಿದ.

“ದಿನಬಳಕೆಗೆ,” ಎಂದಳು ರಬಾಬ್. ಬೇರೆ ಏನು ಹೇಳುವುದು?

ಅವನು ಎರಡನ್ನು ತಂದಿಟ್ಟ. ಎರಡೂ ಲೋಹದ ಮೈಯವು, ತಟ್ಟೆಯಷ್ಟು ತೆಳು, ಬೆಲೆ ಕೇಳಿದರೆ ಎದೆ ಧಸಕ್ಕೆನ್ನುವಂಥವು. ಒಂದರ ಪರದೆ ಪೂರ್ತಿ ಹಿಂದಕ್ಕೆ ಮಡಚಿ ಗುಡಾರದ ಹಾಗೆ ನಿಲ್ಲುತ್ತಿತ್ತು. ಇನ್ನೊಂದರ ಪರದೆ ಕೀಲಿಮಣೆಯಿಂದ ಕಳಚಿ ಸ್ಲೇಟಿನ ಹಾಗೆ ಕೈಗೆ ಬರುತ್ತಿತ್ತು. ಮಡಚುವುದು ಹಾಸಿಗೆಯ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಭಾರ. ಕಳಚುವುದು ಹಗುರ, ಆದರೆ ತೊಡೆಯ ಮೇಲೆ ಜಾರುತ್ತದೆ.

“ಇದನ್ನೇ ತಗೊಳೇ, ಮುಗೀತು,” ಎಂದು ಅಮ್ಮ ಮಡಚುವುದನ್ನು ತೋರಿಸಿ ತೊದಲಿದಳು. ಅವತ್ತು ಇನ್ನೂ ಮಾತು ಅರ್ಥವಾಗುತ್ತಿತ್ತು. “ಗಂಡು ನೋಡಕ್ ಬಂದ್ಹಾಗಾಡ್ತೀಯ. ಗಂಡನ್ನೂ ಹೀಗೇ ನೋಡ್ತಾ ನೋಡ್ತಾ ಕೂತೆ, ಕಡೆಗೆ ಒಬ್ಬನೂ ಸಿಗಲಿಲ್ಲ.”

ಶೆನೂದ ನಕ್ಕ. ರಬಾಬ್ ಅಮ್ಮನ ತೋಳು ಚಿವುಟಿ, “ಯೋಚ್ನೆ ಮಾಡಿ ಬರ್ತೀವಿ,” ಎಂದು ಹೊರಟಳು.

ಯೋಚನೆ! ಈ ಕಟ್ಟಡದಲ್ಲಿ ಯಾರಾದರೂ ಒಬ್ಬರೇ ಯೋಚನೆ ಮಾಡಿದ್ದುಂಟೆ? ಸಂಜೆಯೊಳಗೆ ಮೂರು ಮಹಡಿಯವರು ಟೀ ಲೋಟ ಹಿಡಿದು ಬಂದು ಕೂತರು. ಎಲ್ಲರ ಬಾಯಲ್ಲೂ ಒಂದೇ ಮಾತು. “ಇಲ್ಲಿ ದುಡ್ಡು ಸುರೀತೀಯಾ? ಹುಚ್ಚೀನಾ? ಕುವೈತಲ್ಲಿ ನಿಮ್ಮ ಸೋದರಮಾವನ ಮಗ ವಗೀಹ್ ಇಲ್ವಾ? ಅಲ್ಲಿ ಅರ್ಧ ರೇಟು, ಮಾಲೂ ಅಸಲಿ. ಹಬ್ಬಕ್ಕೆ ಬರ್ತಾನಲ್ಲ, ತರ್ಲಿ!” ಕೈರೋದ ಅಂಗಡಿಯಲ್ಲಿ ಕಣ್ಣೆದುರು ಇದ್ದ ಮಾಲಿಗಿಂತ, ಕೊಲ್ಲಿಯಿಂದ ಬರುವವನ ಸೂಟ್‌ಕೇಸಿನಲ್ಲಿ ಇನ್ನೂ ಬಾರದ ಮಾಲೇ ಮೇಲು. ನಮ್ಮವರ ಈ ರೋಗಕ್ಕೂ ಔಷಧಿ ಇಲ್ಲ.

ವಗೀಹ್ ಫೋನಿನಲ್ಲಿ, “ನನ್ನ ಕಣ್ಣಾಣೆ ಅಕ್ಕಾ, ರಂಜಾನ್ ಹಬ್ಬಕ್ಕೆ ನಿನ್ನ ಕೈಲಿಡ್ತೀನಿ. ಯಾವುದು ಅಂತ ಮಾತ್ರ ಹೇಳು,” ಎಂದ.

ಯಾವುದು? ಅಲ್ಲಿಗೆ ರಬಾಬ್ ನಿದ್ದೆಗೆಟ್ಟಳು. ಶಾಲೆಯಿಂದ ಬಂದವಳೇ ಫೋನು ಹಿಡಿದು ಕೂರುತ್ತಿದ್ದಳು. ಬ್ಯಾಟರಿ ಎಷ್ಟು ಹೊತ್ತು, ಕೀಲು ಎಷ್ಟು ಗಟ್ಟಿ, ಮೈಕ್ ಎಂಥದ್ದು ಎಂದು ವಿಡಿಯೊಗಳ ಮೇಲೆ ವಿಡಿಯೊ ಇಳಿಸಿಕೊಂಡಳು, ಚಿತ್ರಗಳ ಮೇಲೆ ಚಿತ್ರ ಉಳಿಸಿಕೊಂಡಳು. ಒಳಗಿನ ಕೋಣೆಯಲ್ಲಿ ಅಮ್ಮ ಮಾತಾಡುತ್ತಲೇ ಇದ್ದಳು. “ಸ್ವಲ್ಪ ಇರಮ್ಮಾ,” ಎನ್ನುತ್ತಿದ್ದಳು ಮಗಳು.

ಒಂದು ದಿನ ಫೋನು ಜಾಗವಿಲ್ಲವೆಂದು ಹಟ ಹಿಡಿಯಿತು. ಅಮ್ಮ ವರ್ಷಗಟ್ಟಲೆ ಕಳಿಸಿದ್ದ ದನಿ ಸಂದೇಶಗಳು ಜಾಗ ತಿಂದಿದ್ದವು. ಐದೈದು ನಿಮಿಷದ ಬೈಗುಳ, ಬೆಳ್ಳುಳ್ಳಿ ಯಾವಾಗ ಹಾಕಬೇಕೆಂಬ ಉಪದೇಶ, ಮೂರನೇ ಮಹಡಿಯವಳ ಮೇಲೆ ಚಾಡಿ. ರಬಾಬ್ ಎಲ್ಲವನ್ನೂ ಒಟ್ಟಿಗೆ ಅಳಿಸಿ, ಎರಡು ಲ್ಯಾಪ್‌ಟಾಪುಗಳನ್ನು ಅಕ್ಕಪಕ್ಕ ಇಟ್ಟು ತೂಗುವ ಒಂದು ವಿಡಿಯೊ ಇಳಿಸಿಕೊಂಡಳು.

ರಂಜಾನ್ ಹಬ್ಬಕ್ಕೆ ವಗೀಹ್ ಬರಲಿಲ್ಲ. “ರಜೆ ಕೊಡ್ಲಿಲ್ಲ ಅಕ್ಕಾ, ಬಕ್ರೀದ್‌ಗೆ ಖಂಡಿತ.” ಎರಡು ಹಬ್ಬಗಳ ನಡುವೆ ಎಪ್ಪತ್ತು ದಿನ. ಮೂವತ್ತನೆಯ ದಿನಕ್ಕೆ ಅಮ್ಮನ ಮಾತು ಮಗಳಿಗೆ ಮಾತ್ರ ಅರ್ಥವಾಗುತ್ತಿತ್ತು. ಗಾಬರಿ ಹುಟ್ಟಿ ರಬಾಬ್ ಫೋನು ಹಿಡಿದು, “ಹೇಳಮ್ಮಾ, ಒಂದು ವಾಕ್ಯ ಹೇಳು,” ಎಂದಳು. ಅಮ್ಮ ಬಾಯಿ ತೆರೆದು, ಮುಚ್ಚಿ, ಗೋಡೆಯ ಕಡೆ ತಿರುಗಿಕೊಂಡಳು. ಐವತ್ತನೆಯ ದಿನಕ್ಕೆ ಬರೀ ಉಸಿರಿನ ಸದ್ದು. ಸಬ್ರಿಯ ಗಾಡಿ ಕೆಳಗೆ ಬಂದು ನಿಂತು, ಮೇಲೆ ನೋಡಿ, ಹೋಗುತ್ತಿತ್ತು. ಅಂಗಡಿಯಿಂದಲೇ ತರಕಾರಿ ತರತೊಡಗಿದ ರಬಾಬ್ ಅವನಿಗೆ ಏನೂ ಹೇಳಲಿಲ್ಲ, ನಾಚಿಕೆಯೋ ದುಃಖವೋ ಅವಳಿಗೇ ಗೊತ್ತಿಲ್ಲ.

ಬಕ್ರೀದಿನ ಮಾರನೆಯ ಬೆಳಿಗ್ಗೆ ವಗೀಹ್ ಬಂದ. ಮಡಚುವುದನ್ನೇ ತಂದಿದ್ದ. ಕಡೆಗೂ ರಬಾಬ್ ಆರಿಸಿದ್ದು ಅಮ್ಮ ಮೊದಲ ದಿನ ಬೆರಳು ಮಾಡಿದ್ದನ್ನೇ.

“ಹೆಂಗಿದೆ ಅಕ್ಕಾ? ಕನ್ನಡಿ ಕನ್ನಡಿ! ಈಗ ಅತ್ತೆ ದನಿ ತುಂಬ್ಸು!” ಎಂದವನು ಹಾಸಿಗೆಯ ಕಡೆ ನೋಡಿ, ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟ.

ರಬಾಬ್ ತನ್ನ ಫೋನು ಎತ್ತಿಕೊಂಡು ಅಮ್ಮನ ಹಳೆಯ ದನಿ ಸಂದೇಶಗಳನ್ನು ಹುಡುಕಿದಳು. ಅಳಿಸಿದ್ದು ನೆನಪಿತ್ತು, ಆದರೂ ಒಂದಾದರೂ ಉಳಿದಿರಬಹುದೆಂದು ಹುಡುಕಿದಳು. ಅಮ್ಮನ ಕಡೆಯೂ ಇರಲಿಲ್ಲ, ಅವಳ ಹಳೆಯ ಫೋನು ಹೋದ ವರ್ಷವೇ ಬಟ್ಟೆ ಬಕೆಟ್ಟಿಗೆ ಬಿದ್ದು ಹಾಳಾಗಿತ್ತು. ಐದು ಸೆಕೆಂಡಿನ ಬೈಗುಳವೂ ಸಿಗಲಿಲ್ಲ. “ನನ್ನ ಕೈಗೆ ಹಾವು ಕಚ್ಚ!” ಎಂದು ಹಣೆ ಚಚ್ಚಿಕೊಂಡು ಅತ್ತಳು. ಅಮ್ಮ ಹಾಸಿಗೆಯಿಂದಲೇ, ಸಾಕು ಬಾ ಎಂದು ಕೈ ಮಾಡಿದಳು.

ಅಷ್ಟರಲ್ಲಿ ಕೆಳಗೆ ಗಾಡಿಯ ಗಂಟೆ ಕೇಳಿಸಿತು. ಅಮ್ಮನ ಕಣ್ಣು ಅರಳಿತು. ಲ್ಯಾಪ್‌ಟಾಪನ್ನು ಎಳೆದುಕೊಂಡು ಒಂದೇ ಬೆರಳಿನಲ್ಲಿ ಒತ್ತತೊಡಗಿದಳು. ಆಕೆ ಐದನೇ ಕ್ಲಾಸಿನವರೆಗೆ ಓದಿದವಳು. ಬಾಯಲ್ಲಿ ಬೀದಿಯ ಮಾತು ಎಷ್ಟಿದ್ದರೂ, ಬರೆಯಲು ಕೂತರೆ ಮೇಷ್ಟ್ರು ಹೊಡೆದು ಕಲಿಸಿದ ಪುಸ್ತಕದ ಭಾಷೆಯೇ ಬರುತ್ತಿತ್ತು. ಬರೆದು ಮುಗಿಸಿ ಬಾಲ್ಕನಿಯ ಕಡೆ ತೋರಿಸಿದಳು. ವಗೀಹ್ ಅವಳನ್ನು ಕುರ್ಚಿ ಸಮೇತ ಎತ್ತಿ ತಂದು ಕೂರಿಸಿದ. ರಬಾಬ್ ಯಂತ್ರವನ್ನು ಗುಡಾರದ ಹಾಗೆ ಮಡಚಿ, ಕಟ್ಟೆಯ ಮೇಲಿಟ್ಟು, ಸದ್ದು ಪೂರ್ತಿ ಏರಿಸಿದಳು. ಬುಟ್ಟಿಯನ್ನು ಅಮ್ಮನೇ ಕೆಳಗೆ ಬಿಟ್ಟಳು.

“ಸಬ್ರಿ,” ಎಂದಿತು ಯಂತ್ರ. ಯಂತ್ರದಲ್ಲಿ ಮೊದಲೇ ತುಂಬಿದ್ದ ಯಾರದೋ ಎಳೆಯ ಹೆಣ್ಣಿನ ದನಿ, ವಾರ್ತೆ ಓದುವವಳ ಹಾಗೆ. “ದಯವಿಟ್ಟು ನಿಲ್ಲು. ಎರಡು ಕಿಲೋ ಟೊಮೇಟೊ ನೀಡು. ಕೊಳೆತವುಗಳನ್ನು ನೀಡಬೇಡ.”

ಸಬ್ರಿ ತಲೆಯೆತ್ತಿ, ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದ. ಕಟ್ಟೆಯ ಮರೆಯಲ್ಲಿ ಕೂತ ಅಮ್ಮ ಅವನಿಗೆ ಕಾಣಲಿಲ್ಲ.

“ಯಾರಮ್ಮಾ ಅದು? ಆ ಟೀವಿ ಸೌಂಡು ಕಮ್ಮಿ ಮಾಡ್ರೀ! ಉಮ್ಮ್ ರಬಾಬ್‌ನ ಕರೀರಿ, ತಿಂಗಳಾಯ್ತು ಅವರ ದನಿ ಕೇಳಿ! ಹುಷಾರಾಗಿದಾರಾ?”

ರಬಾಬ್ ಕೂಗಿ ಹೇಳಲು ಮುಂದೆ ಬಂದಳು, ಅಮ್ಮ ತಾನೇ ಹೇಳುತ್ತೇನೆಂಬಂತೆ ಕೈ ಹಿಡಿದು ತಡೆದಳು. ಯಂತ್ರದ ಮೇಲೆ ಬಗ್ಗಿ, ಪರದೆಯಲ್ಲಿ ಮೂಡಿದ ಅಕ್ಷರಗಳ ಮೇಲೆ ಮತ್ತೆ ಬೆರಳಿಟ್ಟಳು. ಒಂದು ಅಕ್ಷರ ಹುಡುಕಿದಳು, ಒತ್ತಿದಳು, ಇನ್ನೊಂದು ಹುಡುಕಿದಳು, ತಪ್ಪಾಯಿತು, ಅಳಿಸಿದಳು. ಕೆಳಗೆ ಸಬ್ರಿ ಇನ್ನೊಮ್ಮೆ ಕೂಗಿ, ಸ್ವಲ್ಪ ಹೊತ್ತು ನಿಂತು, ಕತ್ತೆಯ ಬೆನ್ನು ತಟ್ಟಿದ.

“ನಾನು ಉಮ್ಮ್ ರಬಾಬ್,” ಎಂದಿತು ಯಂತ್ರ ಸ್ಪಷ್ಟವಾಗಿ. “ನಾನೇ ಮಾತನಾಡುತ್ತಿದ್ದೇನೆ.”

ಗಾಡಿ ಆಗಲೇ ಪಕ್ಕದ ಬೀದಿಗೆ ತಿರುಗಿತ್ತು. ಅಮ್ಮ ಹಗ್ಗವನ್ನು ಒಂದೊಂದೇ ಮೊಳ ಎಳೆದುಕೊಂಡಳು. ಬುಟ್ಟಿ ಖಾಲಿಯಾಗಿ ಮೇಲೆ ಬಂತು.